ನಿಲುವಂಗಿಯ ಪತ್ತೇದಾರ: ಫಾದರ್ ಬ್ರೌನ್ ಬಗ್ಗೆ ನಾವು ತಪ್ಪು ತಿಳಿದಿರುವುದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹಿರಿಯ ಓದುಗರ ಹತ್ತಿರ ಪತ್ತೇದಾರಿ ಕಾದಂಬರಿಯ ಮಾತೆತ್ತಿದರೆ ಮೊದಲು ಬರುವ ಹೆಸರು ಎನ್. ನರಸಿಂಹಯ್ಯ, ಅದರ ಬೆನ್ನಿಗೇ ಅವರ ಪಾತ್ರ ಪತ್ತೇದಾರ ಪುರುಷೋತ್ತಮ. ಆಮೇಲೆ ಮ. ರಾಮಮೂರ್ತಿ. ಈ ಓದಿನಲ್ಲಿ ಬೆಳೆದ ನಮಗೆ ಪತ್ತೇದಾರ ಎಂದರೆ ಅದೇ ಕಸುಬಿನವನು, ಚುರುಕು ಕಾಲಿನವನು. ಕಥೋಲಿಕ ಪಾದ್ರಿಯೊಬ್ಬರು ಕೊಲೆಯ ಜಾಡು ಹಿಡಿಯುತ್ತಾರೆ ಎಂದಾಗ ನಮ್ಮ ಮನಸ್ಸು ತಟ್ಟನೆ ಮಠದ ಅಜ್ಜಾರ ಕಡೆ ಹೋಗುತ್ತದೆ. ಊರಿನ ಗುಟ್ಟು, ಮನೆತನದ ವ್ಯಾಜ್ಯ ಎಲ್ಲ ಅವರ ಮುಂದೆ ಬರುತ್ತವೆ, ಅವರಿಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ನಂಬಿಕೆ ನಮ್ಮದು. ಚಿಕ್ಕಪಡಸಲಗಿಯಲ್ಲಿ ಕೂತು ನಾನು ಫಾದರ್ ಬ್ರೌನ್ ಎಂಬ ಪಾದ್ರಿ-ಪತ್ತೇದಾರನ ಕತೆಗಳ ಬಗ್ಗೆ ಮಾತಾಡಿದಾಗಲೆಲ್ಲ ಎದುರಾಗುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು. ನನಗೆ ಬಹಳ ಪ್ರೀತಿಯ ಕತೆಗಳಿವು. ಅವನ್ನು ಓದುವ ಮೊದಲೇ ಬೇರೇನೋ ಎಂದು ಬದಿಗಿಡುವುದು ಸಲ್ಲ.

ತಪ್ಪು ಕಲ್ಪನೆ: ಫಾದರ್ ಬ್ರೌನ್ ದೊಡ್ಡ ದೊಡ್ಡ ಕಾದಂಬರಿಗಳ ನಾಯಕ.

ವಾಸ್ತವ: ಈ ಪಾತ್ರವನ್ನು ಸೃಷ್ಟಿಸಿದ ಇಂಗ್ಲಿಷ್ ಲೇಖಕ ಜಿ. ಕೆ. ಚೆಸ್ಟರ್‌ಟನ್ ಫಾದರ್ ಬ್ರೌನ್ ಮೇಲೆ ಒಂದೇ ಒಂದು ಕಾದಂಬರಿಯನ್ನೂ ಬರೆಯಲಿಲ್ಲ. ಇರುವುದೆಲ್ಲ ಸಣ್ಣಕತೆ, ಐವತ್ತಕ್ಕೂ ಹೆಚ್ಚು. ಮೊದಲನೆಯದಾದ 'ನೀಲಿ ಶಿಲುಬೆ' 1910ರಲ್ಲಿ ಪತ್ರಿಕೆಯಲ್ಲಿ ಬಂತು. ಸಂಕಲನಗಳು ಐದು: 1911, 1914, 1926, 1927, 1935. ಒಂದು ಕತೆಯನ್ನು ಒಂದೇ ಕೂಡ್ರಿಕೆಯಲ್ಲಿ ಮುಗಿಸಬಹುದು.

ತಪ್ಪು ಕಲ್ಪನೆ: ಇವು ಕಥೋಲಿಕನೊಬ್ಬ ತನ್ನ ಧರ್ಮದ ಪ್ರಚಾರಕ್ಕೆ ಬರೆದ ಕತೆಗಳು.

ವಾಸ್ತವ: ಇಸವಿಗಳನ್ನು ನೋಡಿ. ಚೆಸ್ಟರ್‌ಟನ್ ಕಥೋಲಿಕ ಸಭೆಗೆ ಸೇರಿದ್ದು 1922ರಲ್ಲಿ. ಮೊದಲ ಎರಡು ಸಂಕಲನಗಳು ಅದಕ್ಕೂ ಎಂಟು-ಹನ್ನೊಂದು ವರ್ಷ ಮೊದಲೇ ಅಚ್ಚಾಗಿದ್ದವು. ಕಥೋಲಿಕ ಪಾದ್ರಿಯನ್ನು ಸೃಷ್ಟಿಸಿದ ಹೊತ್ತಿಗೆ ಲೇಖಕ ಕಥೋಲಿಕನಾಗಿರಲಿಲ್ಲ. ಹಾಗೆಂದು ಕತೆಗಳಲ್ಲಿ ಧರ್ಮದ ಮಾತೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ, ಕೆಲವು ಕಡೆ ತುಸು ಜಾಸ್ತಿಯೇ ಇದೆ. ಆದರೆ ಈ ಕತೆಗಳನ್ನು ಮೆಚ್ಚಿದವರಲ್ಲಿ ಇಟಲಿಯ ಕಮ್ಯುನಿಸ್ಟ್ ಚಿಂತಕ ಆಂಟೋನಿಯೊ ಗ್ರಾಮ್ಷಿ ಕೂಡ ಒಬ್ಬರು. ಮುಸೊಲಿನಿಯ ಜೈಲಿನಿಂದ 1930ರಲ್ಲಿ ಬರೆದ ಪತ್ರವೊಂದರಲ್ಲಿ ಅವರು ಷರ್ಲಾಕ್ ಹೋಮ್ಸ್ ಪಕ್ಕ ಫಾದರ್ ಬ್ರೌನ್‌ರನ್ನು ನಿಲ್ಲಿಸಿ, ಮನುಷ್ಯರ ಒಳಗನ್ನು ಬಲ್ಲ ಪಾದ್ರಿಗೇ ಹೆಚ್ಚಿನ ಅಂಕ ಕೊಟ್ಟಿದ್ದಾರೆ. ದೇವರನ್ನು ನಂಬದವರಿಗೂ ಇಲ್ಲಿ ಓದಲು ಏನೋ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಪ್ಪು ಕಲ್ಪನೆ: ಪೂಜೆ-ಪ್ರಾರ್ಥನೆಯಲ್ಲೇ ಮುಳುಗಿದ ಪಾದ್ರಿಗೆ ಲೋಕದ ಕೇಡು ಎಲ್ಲಿ ಗೊತ್ತಾಗಬೇಕು? ಪಾತ್ರವೇ ನಂಬುವಂತಿಲ್ಲ.

ವಾಸ್ತವ: ಈ ಪಾತ್ರ ಹುಟ್ಟಿದ್ದೇ ಈ ಅನುಮಾನಕ್ಕೆ ಉತ್ತರವಾಗಿ. ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್‌ನಲ್ಲಿ ಜಾನ್ ಓಕಾನರ್ ಎಂಬ ಐರಿಷ್ ಮೂಲದ ಪಾದ್ರಿ ಇದ್ದರು. ಚೆಸ್ಟರ್‌ಟನ್ ಒಮ್ಮೆ ಅವರ ಜೊತೆ ಬಯಲುಗುಡ್ಡಗಳ ಮೇಲೆ ನಡೆಯುತ್ತ ಅಪರಾಧ, ದುಶ್ಚಟಗಳ ಬಗ್ಗೆ ತಾವು ಬರೆಯಲಿದ್ದ ವಾದವೊಂದನ್ನು ಮುಂದಿಟ್ಟರು. ಓಕಾನರ್ ಅದನ್ನು ತಿದ್ದಬೇಕಾಯಿತು. ತಿದ್ದಲು ಹೇಳಿದ ಸಂಗತಿಗಳು ಎಷ್ಟು ಕರಾಳವಾಗಿದ್ದವೆಂದರೆ, ಲಂಡನ್ನಿನ ಪತ್ರಿಕಾಲೋಕದಲ್ಲಿ ಪಳಗಿದ ಚೆಸ್ಟರ್‌ಟನ್ ದಂಗಾಗಿಬಿಟ್ಟರು. ಅದಾದ ಮೇಲೆ ಇಬ್ಬರೂ ಒಂದು ಮನೆಗೆ ಹೋದಾಗ ಅಲ್ಲಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳಿದ್ದರು. ಪಾದ್ರಿಯ ಸಂಗೀತಜ್ಞಾನ, ಮಾತಿನ ಸೊಗಸು ಅವರಿಗೆ ಹಿಡಿಸಿತು. ಪಾದ್ರಿ ಆಚೆ ಹೋದ ಕೂಡಲೇ, ಪಾಪ, ಗೋಡೆಗಳ ನಡುವೆ ಬದುಕುವ ಇಂಥವರಿಗೆ ಜಗತ್ತಿನ ನಿಜವಾದ ಕೇಡು ತಿಳಿಯದು ಎಂದು ಒಬ್ಬ ಮರುಕಪಟ್ಟ. ಆ ಪಾದ್ರಿಯ ಅರಿವಿನ ಮುಂದೆ ಈ ಹುಡುಗರು ಹಾಲುಗೂಸುಗಳು ಎಂದು ಚೆಸ್ಟರ್‌ಟನ್‌ಗೆ ಅನ್ನಿಸಿತು. 1936ರ ಆತ್ಮಕತೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮುಂದೆ ಅವರನ್ನು ಕಥೋಲಿಕ ಸಭೆಗೆ ಸೇರಿಸಿಕೊಂಡವರೂ ಇದೇ ಓಕಾನರ್.

ಓಕಾನರ್ ಅವರನ್ನು ಚೆಸ್ಟರ್‌ಟನ್ ಇದ್ದಂತೆಯೇ ಕತೆಗೆ ಇಳಿಸಲಿಲ್ಲ. ಅಸಲಿ ಮನುಷ್ಯ ಅಚ್ಚುಕಟ್ಟು, ನೋಡಿದರೇ ಜಾಣ. ಫಾದರ್ ಬ್ರೌನ್ ಕುಳ್ಳು, ದುಂಡುಮುಖ. ಕೈಯಲ್ಲಿ ಆಗಾಗ ಜಾರಿ ಬೀಳುವ ಕೊಡೆ, ಜೊತೆಗೆ ಕಂದು ಕಾಗದದ ಪೊಟ್ಟಣಗಳು. ಎದುರಿನವರು ಇವರನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಳ್ಳ ಸೋಲುವುದೂ ಅಲ್ಲಿಯೇ.

ತಪ್ಪು ಕಲ್ಪನೆ: ಪಾಪನಿವೇದನೆಯಲ್ಲಿ, ಅಂದರೆ ಭಕ್ತರು ತಮ್ಮ ಪಾಪಗಳನ್ನು ಗುಟ್ಟಾಗಿ ಒಪ್ಪಿಕೊಳ್ಳುವಾಗ, ಕೇಳಿದ್ದನ್ನು ಬಳಸಿಕೊಂಡೇ ಪಾದ್ರಿ ಅಪರಾಧಿಯನ್ನು ಹಿಡಿಯುತ್ತಾರೆ.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಹಬ್ಬಿರುವ, ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಮಠದ ಅಜ್ಜಾರು ಎರಡೂ ಕಡೆಯ ಮಾತು ಕೇಳಿ, ನಾಲ್ಕು ಮಂದಿಯ ಮುಂದೆ ನ್ಯಾಯ ಹೇಳಬಹುದು. ಕಥೋಲಿಕ ಪಾದ್ರಿಗೆ ಪಾಪನಿವೇದನೆಯ ವಿಷಯದಲ್ಲಿ ಆ ಅವಕಾಶವಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ಗುಟ್ಟು ಹೊರಹಾಕಿದ ಪಾದ್ರಿಯನ್ನು ಪದವಿಯಿಂದ ಇಳಿಸಿ, ಜೀವನಪೂರ್ತಿ ಪ್ರಾಯಶ್ಚಿತ್ತಕ್ಕೆ ಮಠವೊಂದರಲ್ಲಿ ಇರಿಸಬೇಕೆಂದು ವಿಧಿಸಿತ್ತು. ಈಗ ಜಾರಿಯಲ್ಲಿರುವ 1983ರ ಸಭಾಕಾನೂನು ಇನ್ನೂ ಬಿಗಿ: ಹೆಸರು ಹೇಳಬಾರದು ಎಂಬುದಷ್ಟೇ ಅಲ್ಲ, ಅಲ್ಲಿ ಕೇಳಿದ್ದನ್ನು ಹೇಳಿಕೊಂಡವರಿಗೆ ಕೇಡಾಗುವಂತೆ ಯಾವ ರೀತಿಯಲ್ಲೂ ಬಳಸಬಾರದು, ಗುಟ್ಟು ಬಯಲಾಗುವ ಭಯ ಇಲ್ಲದಿದ್ದರೂ ಬಳಸಬಾರದು. ನೇರವಾಗಿ ಮುರಿದವರಿಗೆ ಸಭೆಯಿಂದ ಬಹಿಷ್ಕಾರ ತಾನಾಗಿಯೇ ಬೀಳುತ್ತದೆ.

ಚೆಸ್ಟರ್‌ಟನ್ ಈ ಗೆರೆಯನ್ನು ಬಲು ಎಚ್ಚರದಿಂದ ಕಾಯುತ್ತಾರೆ. 'ವಿಚಿತ್ರ ಹೆಜ್ಜೆಗಳು' ಕತೆಯಲ್ಲಿ ಫಾದರ್ ಬ್ರೌನ್ ಶ್ರೀಮಂತರ ಹೋಟೆಲಿಗೆ ಬರುವುದು ಸಾಯುವ ಸ್ಥಿತಿಯಲ್ಲಿದ್ದ ಮಾಣಿಯೊಬ್ಬನ ಪಾಪನಿವೇದನೆ ಕೇಳಲು. ಅವನು ಏನು ಹೇಳಿದ ಎಂಬುದು ಓದುಗನಿಗೆ ಕೊನೆಯವರೆಗೂ ತಿಳಿಯುವುದಿಲ್ಲ, ಏಕೆಂದರೆ ಪಾದ್ರಿ ಅದನ್ನು ತಮ್ಮಲ್ಲೇ ಇಟ್ಟುಕೊಂಡರು. ಅಲ್ಲಿನ ಬೆಳ್ಳಿ ಸಾಮಾನಿನ ಕಳ್ಳತನ ಪತ್ತೆಯಾಗುವುದು ಬೇರೆ ದಾರಿಯಿಂದ. ಗೋಡೆಯಾಚೆ ಕೇಳುವ ನಡಿಗೆಯ ಸದ್ದು ಒಮ್ಮೆ ಓಡುವ ಮಾಣಿಯದಾಗಿ, ಒಮ್ಮೆ ಅಡ್ಡಾಡುವ ದೊರೆಯದಾಗಿ ಬದಲಾಗುತ್ತಿರುತ್ತದೆ. ಇಬ್ಬರ ಕರಿ ಉಡುಪೂ ಒಂದೇ ಬಗೆಯದು. ಮುಚ್ಚಿದ ಕೋಣೆಯಲ್ಲಿ ಕೂತು ಕಿವಿಯಿಂದಲೇ ಬಿಡಿಸಿದ ಒಗಟು ಅದು.

ಪಾಪನಿವೇದನೆ ಅವರಿಗೆ ಏನನ್ನೂ ಕಲಿಸಿಲ್ಲವೆ? ಕಲಿಸಿದೆ. 'ನೀಲಿ ಶಿಲುಬೆ'ಯಲ್ಲಿ ಫ್ಲಾಂಬೋ ಎಂಬ ಮಹಾ ಕಳ್ಳ ಪೊಟ್ಟಣ ಅದಲುಬದಲು ಮಾಡುವ ಹಂಚಿಕೆ ಹೂಡುತ್ತಾನೆ. ಪಾದ್ರಿಗೆ ಆ ಹಂಚಿಕೆ ಮೊದಲೇ ಗೊತ್ತು; ಇಪ್ಪತ್ತು ವರ್ಷ ಅದರಲ್ಲೇ ಹೊಟ್ಟೆ ಹೊರೆದವನೊಬ್ಬ ಪಶ್ಚಾತ್ತಾಪಪಟ್ಟು ಅವರ ಬಳಿ ಬಂದಿದ್ದ. ಅವನ ಹೆಸರನ್ನು ಮಾತ್ರ ಅವರು ಹೇಳರು. ಕೈಚಳಕದ ತಿಳಿವಳಿಕೆ ಉಳಿಯುತ್ತದೆ, ಕೈಯ ಒಡೆಯ ಮರೆಯಲ್ಲೇ ಇರುತ್ತಾನೆ.

ಈ ಬಿಗಿ ಕಟ್ಟು ಕತೆಗಾರನಿಗೆ ತೊಡಕೂ ಹೌದು, ವರವೂ ಹೌದು. 1953ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಮಾಡಿದ 'ಐ ಕನ್ಫೆಸ್' ಚಿತ್ರ ನಿಂತಿರುವುದೇ ಇದರ ಮೇಲೆ. ಕೊಲೆಗಾರ ಬಂದು ಪಾದ್ರಿಯ ಮುಂದೆ ಒಪ್ಪಿಕೊಳ್ಳುತ್ತಾನೆ, ಅನುಮಾನ ಪಾದ್ರಿಯ ಮೇಲೆಯೇ ಬೀಳುತ್ತದೆ, ಬಾಯಿ ಬಿಟ್ಟರೆ ಪಾರಾಗಬಹುದಾದರೂ ಪಾದ್ರಿ ಕಟಕಟೆಯಲ್ಲಿ ನಿಲ್ಲುತ್ತಾರೆ.

ಇದೇ ಮಾತಿಗೆ ಸೇರಿದ ಇನ್ನೊಂದು ತಪ್ಪು: ಪಾದ್ರಿಯ ಮೌನಕ್ಕೆ ನಮ್ಮ ದೇಶದ ಕಾನೂನೂ ಬೆಂಬಲ ಕೊಡುತ್ತದೆ ಎಂಬುದು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ವಕೀಲ ಮತ್ತು ಕಕ್ಷಿದಾರನ ಮಾತಿಗೆ, ಗಂಡ-ಹೆಂಡತಿಯ ಮಾತಿಗೆ ರಕ್ಷಣೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಉಳಿದಿದೆ. ಪಾಪನಿವೇದನೆಗೆ ಅಂಥ ಪ್ರತ್ಯೇಕ ಕಲಮು ಎರಡರಲ್ಲೂ ಇಲ್ಲ. ಪಾದ್ರಿಯನ್ನು ಕಟ್ಟಿರುವುದು ಅವರ ವ್ರತ, ಸರಕಾರದ ಕಾನೂನಲ್ಲ. ಕನ್ನಡದಲ್ಲಿ ಯಾರಾದರೂ ಇಂಥ ಕತೆ ಬರೆಯಲು ಕೂತರೆ ಈ ಒಂದು ಇಕ್ಕಟ್ಟೇ ಇಡೀ ಕಾದಂಬರಿಯನ್ನು ಹೊರಬಲ್ಲದು.

ತಪ್ಪು ಕಲ್ಪನೆ: ಪಾದ್ರಿ ಅಂದ ಮೇಲೆ ಪವಾಡ, ದಿವ್ಯದೃಷ್ಟಿಯಿಂದ ಅಪರಾಧಿ ಸಿಗುತ್ತಾನೆ.

ವಾಸ್ತವ: ಉಳಿದವರೆಲ್ಲ ಪವಾಡ ಎಂದು ಕೈಮುಗಿದಾಗ ಅಲ್ಲ ಎನ್ನುವ ಒಬ್ಬರೇ ಫಾದರ್ ಬ್ರೌನ್. 1926ರ ಸಂಕಲನದ ಹೆಸರಿನಲ್ಲೇ ಅವರ ಅಪನಂಬಿಕೆ ಇದೆ. ಅದರ ಮೊದಲ ಕತೆಯಲ್ಲಿ ಅವರು ದಕ್ಷಿಣ ಅಮೆರಿಕದಲ್ಲಿರುತ್ತಾರೆ. ಸತ್ತರೆಂದು ಶವಪೆಟ್ಟಿಗೆಯಲ್ಲಿ ಮಲಗಿಸಿದ ಅವರು ಎದ್ದು ಕೂಡುತ್ತಾರೆ, ಜನ ಹುಚ್ಚೆದ್ದು ಜೈಕಾರ ಹಾಕುತ್ತಾರೆ. ಇನ್ನೂ ತಲೆ ತಿರುಗುತ್ತಿರುವಾಗಲೇ ಪಾದ್ರಿ ತಂತಿ ಕಚೇರಿಗೆ ಧಾವಿಸಿ, ಪವಾಡ ನಡೆದಿಲ್ಲ ಎಂದು ಮೇಲಿನವರಿಗೆ ತಂತಿ ಕಳಿಸುತ್ತಾರೆ. ಸುಳ್ಳು ಪವಾಡವೊಂದು ಬಯಲಾದರೆ ನಂಬಿಕೆಯ ಮರ್ಯಾದೆಯೇ ಹೋದೀತು ಎಂಬುದು ಅವರ ಕಳವಳ. 'ನೀಲಿ ಶಿಲುಬೆ'ಯಲ್ಲಿ ಪಾದ್ರಿಯ ವೇಷ ಹಾಕಿದ ಫ್ಲಾಂಬೋ ಸಿಕ್ಕಿಬೀಳಲು ಒಂದು ಕಾರಣ, ಅವನು ಮಾತಿನ ನಡುವೆ ವಿವೇಕವನ್ನೇ ಹಳಿದದ್ದು. ನಿಜವಾದ ಪಾದ್ರಿ ಹಾಗೆ ಮಾತಾಡುವುದಿಲ್ಲ ಎಂದು ಬ್ರೌನ್ ತಿಳಿದುಕೊಳ್ಳುತ್ತಾರೆ.

1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದ ರೊನಾಲ್ಡ್ ನಾಕ್ಸ್ ಸ್ವತಃ ಕಥೋಲಿಕ ಪಾದ್ರಿ. ಅವರ ಎರಡನೆಯ ಕಟ್ಟಳೆ: ದೈವ, ಮಾಯೆ, ಅಲೌಕಿಕ ಯಾವುದೂ ಒಳಗೆ ಬರಕೂಡದು. ಪವಾಡವನ್ನು ಬಿಟ್ಟು ಸುಳಿವು ಹುಡುಕುವ ಈ ರೀತಿಯ ಬೇರು ಇನ್ನೂ ಹಳೆಯದು. ಕಥೋಲಿಕರ ಬೈಬಲ್‌ನಲ್ಲಿ ದಾನಿಯೇಲನ ಗ್ರಂಥದ ಕೊನೆಗೆ ಎರಡು ಕತೆಗಳಿವೆ. ಒಂದರಲ್ಲಿ ಸುಸನ್ನ ಎಂಬಾಕೆಯ ಮೇಲೆ ಸುಳ್ಳು ಆರೋಪ ಹೊರಿಸಿದ ಇಬ್ಬರು ಮುದುಕರನ್ನು ದಾನಿಯೇಲ ಬೇರೆ ಬೇರೆ ನಿಲ್ಲಿಸಿ, ಅವಳನ್ನು ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಉತ್ತರ ಎರಡು ಮರ. ಇನ್ನೊಂದರಲ್ಲಿ ಬೇಲ್ ದೇವರು ರಾತ್ರಿ ಎಡೆ ಉಣ್ಣುತ್ತಾನೆಂದು ಪೂಜಾರಿಗಳು ರಾಜನನ್ನು ನಂಬಿಸಿರುತ್ತಾರೆ. ದಾನಿಯೇಲ ಗುಡಿಯ ನೆಲಕ್ಕೆ ಬೂದಿ ಚೆಲ್ಲಿಸುತ್ತಾನೆ. ಬೆಳಗ್ಗೆ ನೋಡಿದರೆ ಬೂದಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆಗಳು. ಹೆಜ್ಜೆಗುರುತು, ಸಾಕ್ಷಿಗಳ ಪಾಟೀಸವಾಲು, ಎರಡೂ ಆಗಲೇ ಅಲ್ಲಿವೆ.

ತಪ್ಪು ಕಲ್ಪನೆ: ಹವ್ಯಾಸಿ ಪತ್ತೇದಾರ ಅಂದರೆ ಪೊಲೀಸರ ಕೆಲಸವನ್ನು ಸಂಬಳವಿಲ್ಲದೆ ಮಾಡುವವನು, ಕಳ್ಳ ಸಿಕ್ಕರೆ ಕತೆ ಮುಗಿಯಿತು.

ವಾಸ್ತವ: ಪೊಲೀಸರಿಗೆ ಬೇಕಾದದ್ದು ಅಪರಾಧಿ, ಪಾದ್ರಿಗೆ ಬೇಕಾದದ್ದು ಆ ಮನುಷ್ಯನ ಆತ್ಮ. 'ಹಾರುವ ತಾರೆಗಳು' ಕತೆಯಲ್ಲಿ ವಜ್ರ ಕದ್ದ ಫ್ಲಾಂಬೋ ರಾತ್ರಿ ತೋಟದ ಮರ ಹತ್ತಿರುತ್ತಾನೆ. ಕೆಳಗೆ ನಿಂತ ಫಾದರ್ ಬ್ರೌನ್ ಯಾರನ್ನೂ ಕೂಗಿ ಕರೆಯುವುದಿಲ್ಲ. ಕೇಡಿನ ದಾರಿ ಒಂದೇ ಮಟ್ಟದಲ್ಲಿ ನಿಲ್ಲದೆ ಕೆಳಕ್ಕೆ ಕೆಳಕ್ಕೆ ಇಳಿಯುತ್ತದೆ ಎಂದು ಅವನೊಡನೆ ಮಾತಾಡುತ್ತಾರೆ, ಬೇಡಿಕೊಳ್ಳುತ್ತಾರೆ. ವಜ್ರಗಳು ಮರದಿಂದ ಕೆಳಗೆ ಬೀಳುತ್ತವೆ. ಮುಂದೆ ಅದೇ ಫ್ಲಾಂಬೋ ಕಳ್ಳತನ ಬಿಟ್ಟು ಪತ್ತೇದಾರನಾಗಿ ಪಾದ್ರಿಯ ಗೆಳೆಯನಾಗುತ್ತಾನೆ. 1927ರ ಸಂಕಲನದಲ್ಲಿ ಅವರು ತಮ್ಮ ಗುಟ್ಟು ಹೇಳುತ್ತಾರೆ: ತಾವು ಪತ್ತೆಹಚ್ಚಿದ ಕೊಲೆಗಳನ್ನೆಲ್ಲ ಮನಸ್ಸಿನೊಳಗೆ ತಾವೇ ಮಾಡಿ ನೋಡಿದ್ದಾರೆ. ಕೊಲೆಗಾರನನ್ನು ಹುಳದಂತೆ ದೂರವಿಟ್ಟು ಪರೀಕ್ಷಿಸದೆ, ಅವನ ಕೋಪ, ಆಸೆ ತಮ್ಮಲ್ಲೂ ಇದೆ ಎಂದು ಒಪ್ಪಿಕೊಂಡು, ಅಲ್ಲಿಂದ ಕೊಲೆಯ ದಾರಿ ಕಾಣುತ್ತಾರೆ. ನನ್ನ ಮಟ್ಟಿಗೆ ಈ ಕತೆಗಳ ಹಿರಿಮೆ ಪೂರ್ತಿ ಇಲ್ಲಿದೆ.

ಹವ್ಯಾಸಿಗೆ ಈ ಬಲ ಹೇಗೆ ಬರುತ್ತದೆ ಎಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಶ್ರಮಬಿಂದು ಸಾಗರ ಕಟ್ಟಿದರು. ಅದು ಅವರ ಕಸುಬಲ್ಲ, ಆದರೆ ನೀರು ಅವರ ಬದುಕು. ಪಾದ್ರಿಗೆ ಮನುಷ್ಯರ ಪಾಪವೂ ಹಾಗೆಯೇ, ದಿನದಿನದ ಒಡನಾಟದ್ದು.

ತಪ್ಪು ಕಲ್ಪನೆ: ನಿಲುವಂಗಿ ತೊಟ್ಟ ಪತ್ತೇದಾರರೆಲ್ಲ ಕಥೋಲಿಕ ಪಾದ್ರಿಗಳೇ.

ವಾಸ್ತವ: ಎಲಿಸ್ ಪೀಟರ್ಸ್ 1977ರಿಂದ ಬರೆದ ಇಪ್ಪತ್ತು ಕಾದಂಬರಿಗಳ ಬ್ರದರ್ ಕ್ಯಾಡ್‌ಫೆಲ್ ಬೆನೆಡಿಕ್ಟೈನ್ ಸನ್ಯಾಸಿ, ಪಾದ್ರಿಯಲ್ಲ; ಮಠದ ಗಿಡಮೂಲಿಕೆ ತೋಟ ನೋಡಿಕೊಳ್ಳುವವನು. ಉಂಬರ್ಟೊ ಎಕೊ 1980ರಲ್ಲಿ ಬರೆದ 'ಗುಲಾಬಿಯ ಹೆಸರು' ಕಾದಂಬರಿಯ ವಿಲಿಯಂ ಫ್ರಾನ್ಸಿಸ್ಕನ್ ಸನ್ಯಾಸಿ. 'ಗ್ರಾಂಟ್‌ಚೆಸ್ಟರ್' ಕತೆಗಳ ಸಿಡ್ನಿ ಚೇಂಬರ್ಸ್ ಆಂಗ್ಲಿಕನ್. ಹ್ಯಾರಿ ಕೆಮೆಲ್‌ಮನ್ ಅವರ ಡೇವಿಡ್ ಸ್ಮಾಲ್ ಯೆಹೂದಿ ರಬ್ಬಿ. ನಾಕ್ಸ್ ತಾವು ಪಾದ್ರಿಯಾಗಿದ್ದೂ ತಮ್ಮ ಪತ್ತೇದಾರನನ್ನು ವಿಮಾ ಕಂಪನಿಯವನನ್ನಾಗಿ ಮಾಡಿದರು. ಕಾದಂಬರಿಯಲ್ಲೇ ಕಥೋಲಿಕ ಪಾದ್ರಿ ಬೇಕೆಂದರೆ ಅಮೆರಿಕಕ್ಕೆ ಹೋಗಬೇಕು: ರಾಲ್ಫ್ ಮೆಕಿನರ್ನಿಯ ಫಾದರ್ ಡೌಲಿಂಗ್, ವಿಲಿಯಂ ಕೀನ್ಸ್ಲೆಯ ಫಾದರ್ ಕೋಸ್ಲರ್. ಕೀನ್ಸ್ಲೆ ಸ್ವತಃ ಪಾದ್ರಿಯಾಗಿದ್ದು 1974ರಲ್ಲಿ ಆ ವೃತ್ತಿ ಬಿಟ್ಟವರು.

ತಪ್ಪು ಕಲ್ಪನೆ: ಟಿವಿಯಲ್ಲಿ ನೋಡಿದ್ದರೆ ಸಾಕು, ಕತೆ ಗೊತ್ತಾದಂತೆಯೇ.

ವಾಸ್ತವ: 2013ರಿಂದ ಬರುತ್ತಿರುವ ಬಿಬಿಸಿ ಧಾರಾವಾಹಿ ಪಾದ್ರಿಯನ್ನು 1950ರ ದಶಕದ ಕೆಂಬಲ್‌ಫರ್ಡ್ ಎಂಬ ಕಲ್ಪಿತ ಊರಲ್ಲಿ ನೆಲೆಗೊಳಿಸಿದೆ. ಅದರ ಹೆಚ್ಚಿನ ಕತೆಗಳು ಚೆಸ್ಟರ್‌ಟನ್ ಬರೆದವಲ್ಲ. ಮೂಲದ ಫಾದರ್ ಬ್ರೌನ್‌ಗೆ ಹೀಗೆ ಒಂದೇ ಊರಿಲ್ಲ. ಲಂಡನ್, ಪ್ಯಾರಿಸ್, ಅಮೆರಿಕ ಎಲ್ಲೆಡೆ ಅವರು ಎದುರಾಗುತ್ತಾರೆ.

ತಪ್ಪು ಕಲ್ಪನೆ: ಇವನ್ನು ಕನ್ನಡಕ್ಕೆ ತರಲು ಯಾರದೋ ಅನುಮತಿ ಬೇಕು.

ವಾಸ್ತವ: ಚೆಸ್ಟರ್‌ಟನ್ ತೀರಿಕೊಂಡದ್ದು 1936ರಲ್ಲಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ. ಆ ಅವಧಿ ಮುಗಿದು ಬಹಳ ಕಾಲವಾಯಿತು. ಬನಹಟ್ಟಿಯ ಮೇಷ್ಟ್ರಾಗಲಿ, ಬೀಳಗಿಯ ಕಾಲೇಜು ಹುಡುಗಿಯಾಗಲಿ ಇವತ್ತೇ ಅನುವಾದಕ್ಕೆ ಕೂಡಬಹುದು. ಮೊದಲು 'ಅದೃಶ್ಯ ಮನುಷ್ಯ' ಕತೆಯನ್ನು ಎತ್ತಿಕೊಳ್ಳಿ ಎಂಬುದು ನನ್ನ ಕೋರಿಕೆ. ಅದರಲ್ಲಿ ನಾಲ್ವರು ಒಂದು ಕಟ್ಟಡವನ್ನು ಕಣ್ಣಿಟ್ಟು ಕಾಯುತ್ತಾರೆ. ಒಳಗೆ ಯಾರೂ ಹೋಗಲಿಲ್ಲ ಎಂದು ನಾಲ್ವರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೂ ಒಬ್ಬ ಹೋಗಿದ್ದಾನೆ, ಕೊಲೆ ಮಾಡಿ ಹೊರಗೂ ಬಂದಿದ್ದಾನೆ. ದಿನಾ ಕಣ್ಣೆದುರೇ ಓಡಾಡುವ ದುಡಿಯುವ ಕೈಗಳಲ್ಲಿ ಯಾರನ್ನು ನಾವು ಮನುಷ್ಯನೆಂದೇ ಎಣಿಸುವುದಿಲ್ಲ ಎಂಬ ಪ್ರಶ್ನೆ ಅದರ ಜೀವ. ನಮ್ಮ ಭಾಗದ ಮಾತಿಗೆ ಅದು ಸಲೀಸಾಗಿ ಇಳಿದೀತು, ಬ್ರೌನ್ ಎಂಬ ಹೆಸರನ್ನು ಬದಲಿಸುವ ಅಗತ್ಯವೂ ಬೀಳದು.