ಬೆಂಕಿಪೆಟ್ಟಿಗೆಯ ಮೇಲಿನ ಮೊಲ

ಸಂಗ್ರಹವೆಂದೊಡನೆ ನಾಣ್ಯ, ಅಂಚೆಚೀಟಿ, ತಾಳೆಯೋಲೆಗಳು ನೆನಪಿಗೆ ಬರುತ್ತವೆ. ನಾನು ಕೂಡಿಟ್ಟಿರುವುದು ಅವಕ್ಕಿಂತಲೂ ಅಲ್ಪವಾದ ವಸ್ತು: ಜಪಾನಿನ ಹಳೆಯ ಬೆಂಕಿಪೆಟ್ಟಿಗೆಗಳ ಮೇಲೆ ಅಂಟಿಸುತ್ತಿದ್ದ ಚಿತ್ರಚೀಟಿಗಳು. ಹಳಗನ್ನಡ ಪಾಠ ಹೇಳುತ್ತಿದ್ದವನಿಗೆ ಇದೇನು ಗೀಳು ಎಂದು ಮಿತ್ರರು ನಗುವುದುಂಟು. ಈ ಗೀಳು ಮೊದಲಾದುದು ಒಂದು ತಪ್ಪಿನಿಂದ.

ನಮ್ಮಜ್ಜಿಯ ಬಳಿ ತೆಳುಮರದ ಒಂದು ಬೆಂಕಿಪೆಟ್ಟಿಗೆಯಿತ್ತು. ಮೇಲೆ ಆನೆಯ ಚಿತ್ರ; ಅದರಡಿಯಲ್ಲಿ ಜಪಾನಿನಲ್ಲಿ ತಯಾರಾದುದೆಂಬ ಇಂಗ್ಲಿಷ್ ಬರಹ. ತೀರಿಹೋದ ಮಗಳ ಮೂಗುಬೊಟ್ಟನ್ನು ಅಜ್ಜಿ ಅದರಲ್ಲಿ ಇಟ್ಟಿದ್ದಳು. ಹತ್ತು ವರ್ಷದ ನಾನು ಚಿತ್ರದ ಆಸೆಗೆ ಪೆಟ್ಟಿಗೆಯನ್ನು ನೀರಿನಲ್ಲಿ ನೆನೆಹಾಕಿದೆ. ಬಣ್ಣ ಕದಡಿತು; ಪೆಟ್ಟಿಗೆ ಬಿಚ್ಚಿಕೊಂಡಿತು. ಅಜ್ಜಿ ಬೈಯಲಿಲ್ಲ. ಮೂಗುಬೊಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕಳೆದುಹೋದ ಆ ಆನೆಯನ್ನು ಹುಡುಕುತ್ತ ಹೊರಟವನು ಒಂದು ಲೋಕವನ್ನೇ ಕಂಡೆ.

ಫ್ರಾನ್ಸಿನಲ್ಲಿ ಓದಿ ಬಂದ ಶಿಮಿಜು ಮಕೊಟೊ ಎಂಬಾತ 1875ರಲ್ಲಿ ಟೋಕಿಯೋದಲ್ಲಿ ಬೆಂಕಿಕಡ್ಡಿ ತಯಾರಿಸತೊಡಗಿದನು. ಮುಂದೆ ಕೋಬೆ, ಒಸಾಕಾ ಪಟ್ಟಣಗಳು ಈ ಉದ್ಯಮದ ಕೇಂದ್ರಗಳಾದವು. ಸರಕು ಚೀನಾ, ಆಗ್ನೇಯ ಏಷ್ಯ, ಭಾರತಗಳಿಗೆ ಹಡಗೇರಿತು. 1914ರ ಮಹಾಯುದ್ಧ ಯೂರೋಪಿನ ಸರಕನ್ನು ತಡೆದಾಗ ನಮ್ಮ ಪೇಟೆಗಳಲ್ಲಿ ಜಪಾನಿನ ಕಡ್ಡಿಗೆ ಎದುರಿಲ್ಲವಾಯಿತು. 1922ರಲ್ಲಿ ಆಮದು ಸುಂಕ ಏರಿದ ಮೇಲೆ ಇಲ್ಲಿಯ ಕಾರ್ಖಾನೆಗಳು ತಲೆಯೆತ್ತಿದವು.

ಕೊಳ್ಳುವವರಲ್ಲಿ ಬಹುಮಂದಿಗೆ ಓದು ಬಾರದು. ಆದ್ದರಿಂದ ಚಿತ್ರವೇ ಹೆಸರು. ಯಾವ ನಾಡಿಗೆ ಯಾವ ಚಿತ್ರ ಪ್ರಿಯವೆಂಬುದನ್ನು ವ್ಯಾಪಾರಿ ಬಲ್ಲವನಾಗಿದ್ದ. ಭಾರತಕ್ಕೆ ಆನೆ, ಹುಲಿ, ನಮ್ಮ ದೇವತೆಗಳು, ಚೀನಾಕ್ಕೆ ಬಾವಲಿ. ಬಾವಲಿಯೇಕೆ? ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ಉಚ್ಚಾರ ಒಂದೇ, ‘ಫು’. ನಮ್ಮ ಆಲಂಕಾರಿಕರು ಕೇಳಿದ್ದರೆ ಶ್ಲೇಷವೆಂದು ತಲೆದೂಗುತ್ತಿದ್ದರು. ಜಪಾನೀಯರ ಸ್ವಂತ ಕಥಾಲೋಕವೂ ಈ ಚೀಟಿಗಳಲ್ಲಿದೆ: ಸಾವಿರ ವರ್ಷದ ಕೊಕ್ಕರೆ, ಹತ್ತು ಸಾವಿರ ವರ್ಷದ ಆಮೆ, ಇನಾರಿ ದೇವತೆಯ ದೂತನಾದ ನರಿ, ನಾಯಿ, ಕೋತಿ, ಕಾಡುಕೋಳಿಗಳನ್ನು ಕೂಡಿಕೊಂಡು ರಾಕ್ಷಸರ ಮೇಲೆ ಹೊರಟ ಪೀಚ್ ಹಣ್ಣಿನ ಮಗ ಮೊಮೊತಾರೊ.

ಇವುಗಳಲ್ಲಿ ನನ್ನ ಪ್ರೀತಿ ಚಂದ್ರನಲ್ಲಿ ಕುಳಿತ ಮೊಲದ ಮೇಲೆ. ಚಂದ್ರನನ್ನು ಶಶಾಂಕನೆನ್ನುವ ನಮಗೆ ಅದು ಹೊಸಬನಲ್ಲ. ಚೀನಾದ ಮೊಲ ಅಲ್ಲಿ ಅಮೃತದ ಮೂಲಿಕೆ ಕುಟ್ಟುತ್ತದೆ. ಜಪಾನಿನ ಮೊಲ ಅಕ್ಕಿಯ ಮೊಚಿ ಕಡುಬಿಗಾಗಿ ಒನಕೆ ಹಿಡಿಯುತ್ತದೆ. ಶಶ ಜಾತಕದಲ್ಲಿ ಅತಿಥಿಗೆ ಕೊಡಲು ಏನೂ ಇಲ್ಲದ ಮೊಲ ತನ್ನನ್ನೇ ಆಹಾರವಾಗಿಸಲು ಉರಿಗೆ ಹಾರುತ್ತದೆ. ಅತಿಥಿಯಾಗಿ ಬಂದಿದ್ದ ಇಂದ್ರ ಅದರ ರೂಪವನ್ನು ಚಂದ್ರನಲ್ಲಿ ಬರೆಯುತ್ತಾನೆ. ಈ ಕಥೆ ಬೌದ್ಧರೊಡನೆ ಪೂರ್ವಕ್ಕೆ ನಡೆದು, ಹನ್ನೆರಡನೆಯ ಶತಮಾನದ ಜಪಾನೀ ಕಥಾಕೋಶವಾದ ‘ಕೊಂಜಾಕು ಮೊನೊಗತಾರಿಶು’ವನ್ನು ಸೇರಿತು. ಬೆಂಕಿಗೆ ಹಾರಿದ ಆ ಪ್ರಾಣಿ ಬೆಂಕಿಪೆಟ್ಟಿಗೆಯ ಮೇಲೆ ಕುಳಿತಿರುವುದನ್ನು ನೋಡಿದಾಗ ಕಣ್ಣು ಅಲ್ಲಿಯೇ ನಿಲ್ಲುತ್ತದೆ.

ಹಾಗೆ ನಿಂತ ಕಣ್ಣು ಇನ್ನೂ ಒಂದನ್ನು ಕಾಣಬೇಕು. ಆ ಪೆಟ್ಟಿಗೆಗಳನ್ನು ಮಡಿಸಿ ಚೀಟಿ ಅಂಟಿಸಿದವರಲ್ಲಿ ಬಡ ಹೆಂಗಸರೂ ಮಕ್ಕಳೂ ಬಹಳ. ಹಳದಿ ರಂಜಕದ ಹೊಗೆ ಕಡ್ಡಿ ಮಾಡುವವರ ದವಡೆಯ ಎಲುಬನ್ನು ಕೊಳೆಸುತ್ತಿತ್ತು. ಅದರ ಬಳಕೆಯನ್ನು ಜಪಾನು ನಿಷೇಧಿಸಿದ್ದು 1921ರಲ್ಲಿ. ಚೀಟಿಯ ಅಂಚಿನಲ್ಲಿ ಕೆಲವೊಮ್ಮೆ ಅಂಟಿನ ಕಲೆಯೊಂದು ಉಳಿದಿರುತ್ತದೆ. ಅದನ್ನು ನಾನು ಒರೆಸುವುದಿಲ್ಲ.

ಈಗ ನಾನು ಯಾವ ಪೆಟ್ಟಿಗೆಯನ್ನೂ ನೆನೆಹಾಕುವುದಿಲ್ಲ. ದೊರೆತಂತೆ ಇಡಿಯಾಗಿ ಇಡುತ್ತೇನೆ. ಕಳೆದ ವರ್ಷ ಆನೆಯ ಚಿತ್ರವಿರುವ ಒಂದು ಖಾಲಿ ಪೆಟ್ಟಿಗೆ ಸಿಕ್ಕಿತು. ಅದು ಅಜ್ಜಿಯದಲ್ಲ; ಆನೆಯೂ ಬೇರೆ. ಆದರೂ ಮೂಗುಬೊಟ್ಟನ್ನು ಅದರಲ್ಲಿಯೇ ಇಟ್ಟಿದ್ದೇನೆ.