ಕಟ್ ಆದ ಹಣ ಎಲ್ಲಿದೆ?

ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ದೀರಿ. ಖಾತೆಯಿಂದ 500 ರೂಪಾಯಿ ಕಟ್ ಆದ ಮೆಸೇಜ್ ಬಂತು. ಅಂಗಡಿಯವರ ಸೌಂಡ್‌ಬಾಕ್ಸ್ ಮಾತ್ರ ತುಟಿ ಬಿಚ್ಚುತ್ತಿಲ್ಲ. ನಿಮ್ಮ ಫೋನಿನಲ್ಲಿ ‘ಪೆಂಡಿಂಗ್’ ಎಂದಿದೆ. ದುಡ್ಡು ದಾರಿಯಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಕ್ಷಣದಲ್ಲಿ ಅದು ನಿಮ್ಮ ಬ್ಯಾಂಕನ್ನು ಬಿಟ್ಟು ಹೊರಟೇ ಇರುವುದಿಲ್ಲ.

ಇಂಥ ಪಾವತಿಯ ಹಿಂದಿರುವ ಯುಪಿಐ ವ್ಯವಸ್ಥೆ 2016ರ ಏಪ್ರಿಲ್‌ನಲ್ಲಿ ಶುರುವಾಯಿತು. ಅದನ್ನು ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ. ಬೆಂಗಳೂರಿನ ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಆ್ಯಪ್ ಕಂಪನಿಯ ಕೆಲಸ ನಿಮ್ಮ ಆದೇಶವನ್ನು ಮುಂದಕ್ಕೆ ದಾಟಿಸುವುದು. ಪಿನ್ ಒತ್ತುವ ಪರದೆ ಕೂಡ ಆ್ಯಪ್‌ನದಲ್ಲ. ಅದು ಎನ್‌ಪಿಸಿಐ ಕೊಟ್ಟ ತಂತ್ರಾಂಶ. ಅಲ್ಲಿ ಒತ್ತಿದ ಅಂಕಿಗಳು ಫೋನಿನಲ್ಲೇ ಗೂಢಲಿಪಿಯಾಗಿ ಬದಲಾಗುವುದರಿಂದ ಆ್ಯಪ್ ಕಂಪನಿಗೆ ಅವು ಕಾಣುವುದಿಲ್ಲ.

ಎನ್‌ಪಿಸಿಐ ಮೊದಲು ನಿಮ್ಮ ಬ್ಯಾಂಕನ್ನು ಕೇಳುತ್ತದೆ: ಪಿನ್ ಸರಿಯೇ, ಹಣ ಇದೆಯೇ? ಎರಡಕ್ಕೂ ಹೌದು ಎಂದಾದರೆ ಬ್ಯಾಂಕು 500 ರೂಪಾಯಿ ಖರ್ಚು ಬರೆದುಕೊಂಡು ಉತ್ತರಿಸುತ್ತದೆ. ಆಮೇಲೆ ಅಂಗಡಿಯವರ ಬ್ಯಾಂಕಿಗೆ ‘ಇಷ್ಟು ಜಮಾ ಮಾಡಿ’ ಎಂಬ ಸಂದೇಶ. ಅಲ್ಲಿಂದಲೂ ಒಪ್ಪಿಗೆ ಬಂದರೆ ಸೌಂಡ್‌ಬಾಕ್ಸ್ ಕೂಗುತ್ತದೆ. ಈ ಕೆಲವು ಸೆಕೆಂಡುಗಳಲ್ಲಿ ಓಡಾಡಿದ್ದು ಸಂದೇಶಗಳು ಮಾತ್ರ. ಬ್ಯಾಂಕುಗಳು ಪರಸ್ಪರರಿಗೆ ಕೊಡಬೇಕಾದ್ದು ದಿನಕ್ಕೆ ಹಲವು ಬಾರಿ, ರಿಸರ್ವ್ ಬ್ಯಾಂಕಿನಲ್ಲಿ ಅವುಗಳಿಗಿರುವ ಖಾತೆಗಳ ಮೂಲಕ ಒಟ್ಟಾಗಿ ಚುಕ್ತಾ ಆಗುತ್ತದೆ. ಒಂದು ಬ್ಯಾಂಕು ಇನ್ನೊಂದಕ್ಕೆ 100 ಕೋಟಿ ಕೊಡಬೇಕು, ಅದರಿಂದ 97 ಕೋಟಿ ಬರಬೇಕು ಎಂದುಕೊಳ್ಳಿ. ಲಕ್ಷಾಂತರ ಪಾವತಿಗಳ ಬಾಬ್ತು ಕೊನೆಗೆ ಕೈ ಬದಲಾಯಿಸುವುದು 3 ಕೋಟಿ ಮಾತ್ರ.

ಹಾಗಾಗಿ ಇಲ್ಲಿ ಕಷ್ಟದ ಕೆಲಸ ಹಣ ಸಾಗಿಸುವುದಲ್ಲ, ಎರಡು ಊರಿನ ಎರಡು ಲೆಕ್ಕಗಳು ಒಂದೇ ಮಾತು ಹೇಳುವಂತೆ ಮಾಡುವುದು. ಖರ್ಚು, ಜಮಾ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಕಂಪ್ಯೂಟರ್ ವಿಜ್ಞಾನದಲ್ಲಿ ಈ ನಿಯಮಕ್ಕೆ ಗಟ್ಟಿ ತಳಹದಿ ಹಾಕಿದವರಲ್ಲಿ ಜಿಮ್ ಗ್ರೇ ಪ್ರಮುಖರು. ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕೇ.

ಪಿನ್ ತಪ್ಪಾದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯವರ ಬ್ಯಾಂಕು ‘ಆಗುವುದಿಲ್ಲ’ ಎಂದರೂ ತೊಂದರೆಯಿಲ್ಲ, ನಿಮ್ಮ ಖರ್ಚನ್ನು ವಾಪಸ್ ಬರೆದರೆ ಮುಗಿಯಿತು. ಪೇಚಾಟ ಶುರುವಾಗುವುದು ಆ ಬ್ಯಾಂಕು ಉತ್ತರವನ್ನೇ ಕೊಡದಿದ್ದಾಗ. ಹೋದ ಸಂದೇಶ ತಲುಪಲೇ ಇಲ್ಲವೋ, ತಲುಪಿ ಜಮಾ ಆದ ಮೇಲೆ ಬರಬೇಕಿದ್ದ ಉತ್ತರ ಕಳೆದುಹೋಯಿತೋ? ಕೇಳಿದವರ ಕಡೆಯಿಂದ ನೋಡಿದರೆ ಎರಡೂ ಒಂದೇ ಬಗೆಯ ಮೌನ. ಅವಸರಪಟ್ಟು ನಿಮಗೆ ಹಣ ವಾಪಸ್ ಕೊಟ್ಟು, ಅತ್ತ ಜಮಾ ಕೂಡ ಆಗಿಬಿಟ್ಟಿದ್ದರೆ, ಇಲ್ಲದ 500 ರೂಪಾಯಿ ಹುಟ್ಟಿಕೊಂಡಂತಾಯಿತು. ಜಮಾ ಸಂದೇಶವನ್ನು ಹೊಸದಾಗಿ ಕಳಿಸಿದರೆ ಅಂಗಡಿಗೆ ಎರಡು ಸಲ ಹಣ ಸೇರಬಹುದು.

ಇದಕ್ಕೆ ಪರಿಹಾರವೆಂದೇ ಪ್ರತಿ ವ್ಯವಹಾರಕ್ಕೂ ಬೇರೆಬೇರೆ ಗುರುತಿನ ಸಂಖ್ಯೆ ಇರುತ್ತದೆ. ‘ಈ ಸಂಖ್ಯೆಯ ಕೆಲಸ ಏನಾಯಿತು?’ ಎಂದು ಎಷ್ಟು ಸಲ ವಿಚಾರಿಸಿದರೂ ಲೆಕ್ಕ ಕೆಡುವುದಿಲ್ಲ. ಆಗಲೂ ಇತ್ಯರ್ಥವಾಗದಿದ್ದರೆ ಬ್ಯಾಂಕುಗಳು ಪಟ್ಟಿಗಳನ್ನು ತಾಳೆ ನೋಡುತ್ತವೆ. ‘ಪೆಂಡಿಂಗ್’ ಎಂಬುದು ಈ ವಿಚಾರಣೆಯ ಅವಧಿ.

ಅದು ಎಷ್ಟು ದಿನ ಎಳೆಯಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕು 2019ರಲ್ಲಿ ಗಡುವು ಹಾಕಿತು. ವ್ಯಕ್ತಿಗೆ ಕಳಿಸಿದ ಹಣ ಜಮಾ ಆಗದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಖಚಿತವಾಗದಿದ್ದರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ಇಂಥ ಸಂದರ್ಭದಲ್ಲಿ ಪಾವತಿಯ ವಿವರದಲ್ಲಿರುವ 12 ಅಂಕಿಯ ಯುಪಿಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ದೂರನ್ನು ಆ್ಯಪ್‌ನಲ್ಲೇ ಕೊಡಬಹುದು, ಆದರೆ ಹಣ ಆ್ಯಪ್ ಕಂಪನಿಯ ಕೈಗೆ ಬಂದೇ ಇಲ್ಲ. ಉತ್ತರ ಕೊಡಬೇಕಾದದ್ದು ಬ್ಯಾಂಕು. ಗಡುವು ದಾಟಿದರೆ ಆ ಸಂಖ್ಯೆ ಹಿಡಿದು ಅಲ್ಲೇ ಕೇಳಿ.