ದೂರದ ಗ್ರಹ ಓರೆಯಾಗಿದೆ ಅಂತ ಗೊತ್ತಾಗೋದು ಹೇಗೆ?

ಎಷ್ಟೇ ದೊಡ್ಡ ಟೆಲಿಸ್ಕೋಪಿನಲ್ಲೂ ದೂರದ ನಕ್ಷತ್ರ ಬರೀ ಒಂದು ಚುಕ್ಕಿ. ಅದರ ಸುತ್ತ ಗ್ರಹ ನೆಟ್ಟಗೆ ಸುತ್ತುತ್ತಿದೆಯೋ ಓರೆಯಾಗಿಯೋ ಅಂತ ಅಳೆಯೋದು ಹೇಗೆ? ಶಿರಸಿ, ಸಿದ್ದಾಪುರದ ಕಡೆ ನಾನು ಇಂಥ ಮಾತು ಎತ್ತಿದರೆ ಮೊದಲು ಬರೋ ಪ್ರಶ್ನೆ ಬೇರೆ: ‘ಇದ್ರಿಂದ ಅಡಕೆಗೆ ರೇಟ್ ಬತ್ತಾ?’ ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಯಲ್ಲಾಪುರ ರಸ್ತೆಯಲ್ಲಿ ನಿಂತು ಬಸ್ಸಿನ ಹಾರ್ನ್ ಕೇಳಿ. ಹತ್ತಿರ ಬರುವಾಗ ಕೀಚಲು, ದಾಟಿ ಹೋದಮೇಲೆ ದಪ್ಪ. ಬೆಳಕೂ ಹೀಗೇ. ನಮ್ಮತ್ತ ಬರುವ ವಸ್ತುವಿನ ಬೆಳಕು ಚೂರು ನೀಲಿಯ ಕಡೆ, ದೂರ ಸರಿಯುವುದರ ಬೆಳಕು ಕೆಂಪಿನ ಕಡೆ ಜರುಗುತ್ತದೆ. ನಕ್ಷತ್ರ ಬುಗುರಿಯಂತೆ ತಿರುಗುವುದರಿಂದ ಅದರ ಅರ್ಧಭಾಗ ನಮ್ಮತ್ತ ಬರುತ್ತಿರುತ್ತದೆ, ಇನ್ನರ್ಧ ದೂರ ಹೋಗುತ್ತಿರುತ್ತದೆ.

ಈಗ ಗ್ರಹವೊಂದು ಅದರ ಮುಂದೆ ಹಾದುಹೋಗಲಿ. ನಕ್ಷತ್ರ ತಿರುಗುವ ದಿಕ್ಕಿನಲ್ಲೇ ಸುತ್ತುವ ಗ್ರಹ ಮೊದಲು ನೀಲಿ ಅರ್ಧವನ್ನು ಮುಚ್ಚುತ್ತದೆ. ಒಟ್ಟು ಬೆಳಕು ತುಸು ಕೆಂಪಿನತ್ತ ವಾಲುತ್ತದೆ. ಆಮೇಲೆ ಕೆಂಪು ಅರ್ಧ ಮುಚ್ಚಿ ನೀಲಿಯತ್ತ ವಾಲುತ್ತದೆ. ಗ್ರಹ ಉಲ್ಟಾ ಸುತ್ತಿದರೆ ಈ ಕ್ರಮವೂ ಉಲ್ಟಾ. ಓರೆಯಾಗಿ ದಾಟಿದರೆ ಒಂದು ಕಡೆಯ ಪಾಲು ಹೆಚ್ಚು. ಇಂಜಿನಿಯರಿಂಗ್ ಓದಿದ ನನಗೆ ಇಷ್ಟವಾಗೋದು ಈ ಸರಳ ಉಪಾಯವೇ. 1924ರಲ್ಲಿ ರಾಸಿಟರ್ ಮತ್ತು ಮೆಕ್‌ಲಾಫ್ಲಿನ್ ಜೋಡಿ ನಕ್ಷತ್ರಗಳಲ್ಲಿ ಇದನ್ನು ತೋರಿಸಿದರು. 2000ದಲ್ಲಿ ಎಚ್‌ಡಿ 209458ರ ಗ್ರಹದಲ್ಲಿ ಅಳೆದರು. ವೇಗದಲ್ಲಿ ಕಾಣುವ ಏರುಪೇರು ಸೆಕೆಂಡಿಗೆ ಹತ್ತಾರು ಮೀಟರ್, ಅಂದರೆ ಹೈವೇ ಕಾರಿನಷ್ಟು. ಸಿಗೋದು ಮಾತ್ರ ಪೂರ್ತಿ ಕೋನ ಅಲ್ಲ, ನಮ್ಮ ಕಡೆಯಿಂದ ಕಾಣುವಷ್ಟು ಓರೆ.

ಭೂಮಿಯ ಕಕ್ಷೆ ಸೂರ್ಯನ ಸಮಭಾಜಕದಿಂದ ಸುಮಾರು 7 ಡಿಗ್ರಿಯಷ್ಟೇ ಓರೆ. ಎಲ್ಲ ಕಡೆ ಹೀಗೇ ಇರುತ್ತೆ ಅನ್ನೋದು ಸುಲಭ. ಆದರೆ 2009ರಲ್ಲಿ ವಾಸ್ಪ್-17ಬಿ, ಹ್ಯಾಟ್-ಪಿ-7ಬಿ ಎಂಬ ದೈತ್ಯ ಗ್ರಹಗಳು ಉಲ್ಟಾ ಸುತ್ತುತ್ತಿರುವ ಪುರಾವೆ ಸಿಕ್ಕಿತು. ಧೂಳು, ಅನಿಲದ ತಟ್ಟೆಯಲ್ಲಿ ಹುಟ್ಟಿ ಮೆಲ್ಲಗೆ ಒಳಕ್ಕೆ ಜಾರಿದ ಗ್ರಹ ನೆಟ್ಟಗಿರಬೇಕಿತ್ತು. ಇಲ್ಲ ಅಂದರೆ ಬೇರೆ ಗ್ರಹವೋ ಜೊತೆ ನಕ್ಷತ್ರವೋ ಎಳೆದಾಡಿರಬೇಕು, ಅಥವಾ ತಟ್ಟೆಯೇ ವಾಲಿರಬೇಕು. ಓರೆ ಅನ್ನೋದು ಹಳೇ ಗಲಾಟೆಯ ಪಂಚನಾಮೆ.

ಇನ್ನು ಅಡಕೆ. ಇಲ್ಲ, ರೇಟ್ ಬರಲ್ಲ. ಆದರೆ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅದು ನಮ್ಮ ತೆರಿಗೆ ದುಡ್ಡು. ಗ್ರಹ ಅಡ್ಡ ಬಂದಾಗ ನಕ್ಷತ್ರ ಮಂಕಾಗುವುದನ್ನು ದಾಖಲಿಸುವ ನಾಸಾದ ಟೆಸ್ ದತ್ತಾಂಶ ಎಲ್ಲರಿಗೂ ಉಚಿತ. ಸಿದ್ದಾಪುರದ ಬಿಎಸ್ಸಿ ಹುಡುಗಿಯೂ ಅದನ್ನು ಇಳಿಸಿಕೊಂಡು ನೋಡಬಹುದು. ಅವಳಿಗೆ ಬೇಕಿರೋದು ನೆಟ್‌ವರ್ಕ್, ಕಲಿಸುವವರು, ಕನ್ನಡದಲ್ಲಿ ಪಾಠ. ಟೆಲಿಸ್ಕೋಪಿನ ಖರ್ಚು ಕೇಳೋದು ನಮ್ಮ ಹಕ್ಕು, ಕೇಳೋಣ. ಜೊತೆಗೆ ಈ ಮೂರರ ಲೆಕ್ಕವನ್ನೂ ಕೇಳೋಣ.